ಸತ್ಯಮೂರ್ತಿಗಳ ಮೂಗೂ ಮಾಹಿಮ್ ಖಾಡಿಯೂ

ಮುಂಬೈಯ ಲೋಕಲ್ ಗಾಡಿಯಲ್ಲಿ ಎಲ್ಲರೂ ಕಿಟಕಿಯಾಚೆ ಇಣುಕಿ ಸ್ಟೇಷನ್ ಗುರುತಿಸುತ್ತಾರೆ. ಮಾಟುಂಗದ ಸತ್ಯಮೂರ್ತಿಗಳು ಕಣ್ಣು ಮುಚ್ಚಿಕೊಂಡೇ ಗುರುತಿಸುತ್ತಿದ್ದರು. ಬಾಡಿದ ಸೇವಂತಿಗೆಯೂ ಹೊಸ ಮಲ್ಲಿಗೆಯೂ ಒಟ್ಟಿಗೆ ಮೂಗಿಗೆ ಬಡಿದರೆ ದಾದರ್. ಬಿಸ್ಕತ್ತು ಬೇಯುವ ವಾಸನೆ ಬಂದರೆ ವಿಲೆಪಾರ್ಲೆ. ಗಾಡಿಯ ಇಡೀ ಡಬ್ಬಿ ಒಂದೇ ಸಲ ಜೇಬಿಗೆ ಕೈಹಾಕಿ ಕರ್ಚೀಫು ತೆಗೆದರೆ ಅದು ಮಾಹಿಮ್ ಖಾಡಿ, ಊರಿನ ಕೊಳಚೆಯೆಲ್ಲ ಬಂದು ಸೇರುವ ಸಮುದ್ರದ ಹಿನ್ನೀರು. ಇದನ್ನು ಹೇಳಲು ಅಂಥ ಮೂಗೇನೂ ಬೇಕಿಲ್ಲ, ಯಾರ ಮೂಗಾದರೂ ಸಾಕು. ಆದರೆ ಖಾಡಿಯಲ್ಲಿ ಈಗ ನೀರು ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದನ್ನು ಕೂತಲ್ಲಿಂದ ಹೇಳಬಲ್ಲ ಮೂಗು ಈ ಮಹಾನಗರದಲ್ಲಿ ಒಂದೇ ಇತ್ತು.

ಆ ಮೂಗು ನೋಡುವುದಕ್ಕೂ ಘನವಾಗಿತ್ತು. ಸತ್ಯಮೂರ್ತಿಗಳು ಬಿಲ್ಡಿಂಗಿನ ಮೆಟ್ಟಿಲು ಇಳಿಯುವಾಗ ಮೊದಲು ಮೂಗು ಬರುತ್ತಿತ್ತು, ಆಮೇಲೆ ಅದರ ಬೆಂಗಾವಲಿಗೆ ಒಂದು ಸಣಕಲು ದೇಹ ಬರುತ್ತಿತ್ತು. ಅವರ ತಂದೆ ಮೈಸೂರಿನಲ್ಲಿ ಅರಮನೆಯ ಹತ್ತಿರದ ಬೀದಿಯೊಂದರಲ್ಲಿ ಊದುಬತ್ತಿ ಹೊಸೆಯುತ್ತಿದ್ದವರು. ಅರಮನೆಗೆ ಕೊಡುತ್ತಿದ್ದೆವೆಂದು ಸತ್ಯಮೂರ್ತಿಗಳು ಎಂದೂ ಸುಳ್ಳು ಹೇಳಿದವರಲ್ಲ. ಬೀದಿಯ ಹೆಸರು ಹೇಳಿ ಸುಮ್ಮನಾಗುತ್ತಿದ್ದರು. ಉಳಿದದ್ದನ್ನು ಕೇಳಿದವರೇ ಸೇರಿಸಿಕೊಳ್ಳುತ್ತಿದ್ದರು.

ಮಾಟುಂಗದ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಅವರದೊಂದು ಗಾಳಾ, ಅಂದರೆ ಕಾರ್ಖಾನೆ ಎನ್ನಲು ನಾಚಿಕೆಯಾಗುವಷ್ಟು ಸಣ್ಣ ಕಾರ್ಖಾನೆ. ಅಲ್ಲಿ ಹುಟ್ಟುತ್ತಿದ್ದದ್ದು 'ರಾಜಸೌರಭ' ಊದುಬತ್ತಿ. ಗಂಧದ ಪುಡಿ, ಲಾವಂಚದ ಬೇರು, ಹಾಲ್ಮಡ್ಡಿ ಮರದ ಅಂಟು, ಜೇನುತುಪ್ಪ ಎಲ್ಲವನ್ನೂ ಸತ್ಯಮೂರ್ತಿಗಳೇ ಕಲಸಿ, ಮೂಗಿಗೆ ಹಿಡಿದು, ಒಪ್ಪಿಗೆಯಾದರೆ ಮಾತ್ರ ಹೊಸೆಯಲು ಕೊಡುತ್ತಿದ್ದರು. ಮೂಗು ಒಪ್ಪದಿದ್ದರೆ ಇಡೀ ಮುದ್ದೆ ಮತ್ತೆ ಕಲಸಾಟ. ಒಣಗಿದ ಬತ್ತಿ ಬಂಗಾರದ ಕಾಗದ ಹೊದಿಸಿದ ಪೆಟ್ಟಿಗೆಯೊಳಗೆ ಮಲಗುತ್ತಿತ್ತು. ಪೆಟ್ಟಿಗೆಯ ಮೇಲೆ ಪೇಟ ಸುತ್ತಿದ ಅವರ ತಂದೆಯ ಚಿತ್ರ. ಬೆಲೆ ಕೇಳಿದವರು ಒಮ್ಮೆ ಪೆಟ್ಟಿಗೆಯನ್ನು ಕೆಳಗಿಟ್ಟು, ಆಮೇಲೆ ಮತ್ತೆ ಎತ್ತಿಕೊಳ್ಳುತ್ತಿದ್ದರು.

ಇಷ್ಟೆಲ್ಲ ವೈಭವವಿದ್ದೂ, ನಾನು ಹೇಳುತ್ತಿರುವ ಎಂಬತ್ತೇಳನೇ ಇಸವಿಯ ಹೊತ್ತಿಗೆ ವ್ಯಾಪಾರ ಮಲಗಿತ್ತು. ಹೊಗಳಿಕೆಗೆ ಏನೂ ಕಮ್ಮಿ ಇರಲಿಲ್ಲ. ಕನ್ನಡ ಸಂಘದ ಸಭೆಯಿರಲಿ, ದೇವಸ್ಥಾನದ ಜಗಲಿಯಿರಲಿ, 'ಊದುಬತ್ತಿ ಅಂದ್ರೆ ಸತ್ಯಮೂರ್ತಿಗಳದು' ಎಂದು ಎಲ್ಲರೂ ಹೇಳುವವರೇ. ಕೊಳ್ಳುವವರು ಮಾತ್ರ ವರ್ಷಕ್ಕೊಮ್ಮೆ ಒಂದು ಪೆಟ್ಟಿಗೆ ಕೊಂಡು ಮಾಯವಾಗುತ್ತಿದ್ದರು. ಸತ್ಯಮೂರ್ತಿಗಳ ಹೆಂಡತಿ ಕೌಸಲ್ಯಾಳ ತಮ್ಮ ನಂಜುಂಡನಿಗೆ ಭಾಂಡುಪ್‌ನಲ್ಲಿ ಪ್ಲಾಸ್ಟಿಕ್ ಬಕೆಟ್ ಮಾಡುವ ಫ್ಯಾಕ್ಟರಿ ಇತ್ತು. ಅವನು ಮನೆಗೆ ಬಂದವನೇ ತೀರ್ಪು ಕೊಟ್ಟ.

"ಭಾವ, ದೀಪಾವಳಿವರೆಗೂ ನೋಡಿ. ಎದ್ದೇಳ್ಲಿಲ್ಲ ಅಂದ್ರೆ ಗಾಳಾಕ್ಕೆ ಬೀಗ ಹಾಕಿ ನನ್ನ ಫ್ಯಾಕ್ಟರಿಗೆ ಬನ್ನಿ. ಸೂಪರ್‌ವೈಸರ್ ಕೆಲಸ ಖಾಲಿ ಇದೆ. ಆರಾಮಾಗಿ ಕುರ್ಚಿ ಮೇಲೆ ಕೂತ್ಕೊಳೋದು, ಅಷ್ಟೆ."

"ಪ್ಲಾಸ್ಟಿಕ್ ಕರಗಿಸೋ ಜಾಗದಲ್ಲೇನಯ್ಯ ಕುರ್ಚಿ?"

"ಅದರ ಪಕ್ಕದಲ್ಲೇ. ಅಭ್ಯಾಸ ಆಗತ್ತೆ ಭಾವ. ತಿಂಗಳೊಳಗೆ ಮೂಗಿಗೆ ಏನೂ ಗೊತ್ತಾಗಲ್ಲ."

ಆ ಕೊನೆಯ ಮಾತನ್ನು ನಂಜುಂಡ ಸಮಾಧಾನಕ್ಕಾಗಿಯೇ ಹೇಳಿದ್ದು. ಸತ್ಯಮೂರ್ತಿಗಳು ಮಾತ್ರ ಮರಣದಂಡನೆ ಕೇಳಿದವರಂತೆ ಎರಡೂ ಕೈಯಿಂದ ಮೂಗು ಮುಚ್ಚಿಕೊಂಡರು.

ಗಾಳಾದಲ್ಲಿ ಬತ್ತಿ ಹೊಸೆಯುತ್ತಿದ್ದವಳು ಸುಂದ್ರವ್ವ. ವಿಜಾಪುರದ ಕಡೆಯವಳು, ಪರೇಲ್‌ನ ಚಾಳಿನ ವಠಾರದಲ್ಲಿ ಮನೆ. ಗಂಡ ಅಣವೀರಪ್ಪ ಮಿಲ್ಲಿನಲ್ಲಿದ್ದವನು. ಮುಷ್ಕರ ಬಂದು ಮಿಲ್ಲು ಹೋದಮೇಲೆ ಅಂಧೇರಿಯ ಗೋಡೌನೊಂದರಲ್ಲಿ ಮೂಟೆ ಎತ್ತುತ್ತಿದ್ದ. ಬೆಳಗಿನ ಗಾಡಿಯಲ್ಲಿ ಅವನದೊಂದು ಭಜನೆಯ ಗುಂಪು. ಡಬ್ಬಿಯ ಮೂಲೆಯಲ್ಲಿ ದೇವರ ಪಟ ತೂಗುಹಾಕಿ, ಬಾಳೆಹಣ್ಣಿಗೆ ಊದಿನಕಡ್ಡಿ ಚುಚ್ಚಿ, ತಾಳ ಹಿಡಿದು ಕೂತರೆ ಅಂಧೇರಿ ಬರುವವರೆಗೆ ದೇವರಿಗೂ ಬಿಡುವಿಲ್ಲ, ಪ್ರಯಾಣಿಕರಿಗೂ ಬಿಡುವಿಲ್ಲ.

ನಂಜುಂಡನ ಮಾತು ಸುಂದ್ರವ್ವನ ಕಿವಿಗೂ ಬಿತ್ತು. ಅವಳು ಹೊಸೆಯುವ ಹಲಗೆಯಿಂದ ಕೈ ಎತ್ತದೆ ಮಾತು ಶುರುಮಾಡಿದಳು.

"ಮಾಲಕ್ರ, ಒಂದ ಮಾತ ಹೇಳ್ಲ್ಯಾ? ಬೈಬ್ಯಾಡ್ರಿ ಮತ್ತ."

"ಹೇಳಮ್ಮ."

"ನಮ್ಮ ಚಾಳಿನ್ಯಾಗ ದಿನಾ ಮುಂಜಾನಿ ಎಲ್ಲಾರ ಮನ್ಯಾಗೂ ಕಡ್ಡಿ ಹಚ್ತಾರ್ರಿ. ಪಾನ್ ಅಂಗಡ್ಯಾಂವ ಹಚ್ತಾನ, ಟ್ಯಾಕ್ಸಿಯಾಂವ ಹಚ್ತಾನ. ನಮ್ಮನಿಯಾಂವ ಗಾಡ್ಯಾಗ ಹಚ್ತಾನ. ಅಷ್ಟೂ ಮಂದಿ ಹಚ್ಚೂದು ಬರೇ ಸೆಂಟಿನ್ಯಾಗ ಅದ್ದಿದ ಕಡ್ಡಿ. ತಲಿ ನೋಯ್ತೈತ್ರಿ. ನೀವ ಒಂದ ಸಣ್ಣ ಕಡ್ಡಿ ಮಾಡ್ರಿ, ಬಂಗಾರದ ಡಬ್ಬಿ ಬ್ಯಾಡ, ಕಾಗದದಾಗ ಸುತ್ತಿ ಕೊಡ್ರಿ. ಪರೇಲ್ ಪೂರ್ತಿ ನಿಮ್ಮದ."

ಸತ್ಯಮೂರ್ತಿಗಳು ಎದ್ದು ನಿಂತರು. ಗಾಳಾದಲ್ಲಿ ಪೂರ್ತಿ ಎದ್ದು ನಿಲ್ಲಲು ಜಾಗವಿರಲಿಲ್ಲ. ಆದ್ದರಿಂದ ಮಹಾ ಭಾಷಣವೊಂದು ಕತ್ತು ಬಗ್ಗಿಸಿಕೊಂಡೇ ಹೊರಬಂತು.

"ಸುಂದ್ರವ್ವ, ರಾಜನಾದವನು ಭಾಜಿ ಮಾರ್ಕೆಟ್ಟಲ್ಲಿ ಕೂತು ಕೊತ್ತಂಬರಿ ಕಟ್ಟು ಮಾರ್ತಾನೇನಮ್ಮ?"

"ರಾಜಾ ಮಾರೂದಿಲ್ರಿ. ಆದ್ರ ರಾಜನ ಮನ್ಯಾಗ ದುಡಿಯಾವ್ರಿಗೆ ದಿನಾ ಕೆಲಸ ಇರ್ತೈತ್ರಿ. ನಾ ಇಲ್ಲಿ ವಾರದಾಗ ಮೂರ ದಿನ ನೊಣಾ ಹೊಡ್ಯಾಕತ್ತೀನಿ."

ಸುಂದ್ರವ್ವನೆದುರು ಸೋತಾಗಲೆಲ್ಲ ಸತ್ಯಮೂರ್ತಿಗಳು ಮನೆಗೆ ಹೋಗಿ ಹೆಂಡತಿಗೆ ಹೇಳುತ್ತಿದ್ದರು.

"ಅಗ್ಗದ್ದು ಒಳಗೆ ಬಂತು ಅಂದ್ರೆ ಬೆಲೆಯುಳ್ಳದ್ದನ್ನ ನುಂಗಿಬಿಡತ್ತೆ ಕೌಸಲ್ಯಾ. ಇವತ್ತು ಪರೇಲ್‌ಗೆ ಅಂತ ಮಾಡ್ತೀನಿ. ನಾಳೆ ಮಾಟುಂಗದವರೂ ಅದನ್ನೇ ಕೇಳ್ತಾರೆ. ಅಪ್ಪನ ಪೇಟ ಮಣ್ಣಾಗತ್ತೆ."

"ಈಗ ಮಾಟುಂಗದವರು ಸಾಲುಗಟ್ಟಿ ನಿಂತಿದಾರಾ?" ಕೌಸಲ್ಯಾ ಬೀನ್ಸು ಹೆಚ್ಚುತ್ತಲೇ ಕೇಳಿದಳು. "ಭಾಂಡುಪ್‌ನಲ್ಲಿ ಪೇಟ ಕರಗೋದಿಲ್ವಾ?"

ಮನೆಯಲ್ಲಿ ನ್ಯಾಯ ಸಿಗದೆ ಅವರು ಮೇಲಿನ ಕೋರ್ಟಿಗೆ ಹೋದರು. ಅದು ಎದುರು ಬಿಲ್ಡಿಂಗಿನ ಮೂರನೇ ಮಾಳಿಗೆಯಲ್ಲಿತ್ತು. ಅಲಮೇಲಮ್ಮನವರು ಮಾಟುಂಗದ ಮಹಿಳಾ ಮಂಡಳಿಯ ಅಧ್ಯಕ್ಷಿಣಿ. ವರ್ಷ ತಪ್ಪದೆ ರಾಜಸೌರಭ ಕೊಳ್ಳುವ ಮಹಾಪೋಷಕಿ. ಸಂಗತಿ ಕೇಳಿ ಅವರು ಎದೆಯ ಮೇಲೆ ಕೈಯಿಟ್ಟುಕೊಂಡರು.

"ಸತ್ಯಮೂರ್ತಿಗಳೇ, ಬೇಡ! ನಮ್ಮನೆ ಕೆಲಸದವಳ ಮನೇಲೂ ನಿಮ್ಮ ಊದುಬತ್ತಿ, ನಮ್ಮನೇಲೂ ನಿಮ್ಮ ಊದುಬತ್ತಿ ಅಂದ್ರೆ, ನಾವು ಈ ಮಂಡಿನೋವಿನಲ್ಲಿ ಮೂರನೇ ಮಾಳಿಗೆ ಹತ್ತಿ ಏನುಪಯೋಗ?"

ಸತ್ಯಮೂರ್ತಿಗಳು ಗೆದ್ದ ಸೇನಾಪತಿಯಂತೆ ಮೆಟ್ಟಿಲು ಇಳಿದರು. ಆ ಸಂತೋಷಕ್ಕೆ ಒಂದು ಪೆಟ್ಟಿಗೆಯನ್ನು ಅಲಮೇಲಮ್ಮನವರಿಗೆ ಸುಮ್ಮನೆ ಕೊಟ್ಟು ಕಳಿಸಿದರು. ಅದು ಮಾರಲಾಗದ ಪೆಟ್ಟಿಗೆಯೂ ಆಗಿತ್ತು. ಅಂಟು ಒಣಗುವ ಮೊದಲೇ ಸರಿದು, ತಂದೆಯವರ ಚಿತ್ರ ಓರೆಯಾಗಿ ಕೂತಿತ್ತು. ಪೇಟದ ಹಿರಿಯರು ಪಕ್ಕದ ಮನೆಯ ಜಗಳ ಕೇಳಿಸಿಕೊಳ್ಳುತ್ತಿರುವವರಂತೆ ಒಂದು ಕಡೆಗೆ ವಾಲಿದ್ದರು.

ನವರಾತ್ರಿ ಬಂತು. ಮಾಟುಂಗದ ಮನೆಮನೆಯಲ್ಲೂ ಗೊಂಬೆ ಕೂತವು. ಕೌಸಲ್ಯಾ ದಿನಾ ಸಂಜೆ ಅರಿಸಿನ ಕುಂಕುಮಕ್ಕೆ ಹೊರಡುತ್ತಿದ್ದಳು. ಒಂದೊಂದು ಮನೆಯಿಂದ ತಾಂಬೂಲ, ತಾಂಬೂಲದ ಜೊತೆಗೊಂದು ಉಡುಗೊರೆ: ರವಿಕೆ ಕಣ, ಸ್ಟೀಲ್ ಬಟ್ಟಲು, ಪ್ಲಾಸ್ಟಿಕ್ ಕುಂಕುಮದ ಭರಣಿ. ವಿಜಯದಶಮಿಯ ಸಂಜೆ ಮಾಟುಂಗದ್ದೆಲ್ಲ ಮುಗಿಸಿ, ಮುಲುಂದಿನ ಬಳಗದ ಮನೆಯೊಂದಕ್ಕೂ ಹೋಗಿ ಬಂದವಳು ಚೀಲ ಬಿಚ್ಚಿದಳು. ತೆಂಗಿನಕಾಯಿಯ ಕೆಳಗಿನಿಂದ ಬಂಗಾರದ ಪೆಟ್ಟಿಗೆಯೊಂದು ಹೊರಬಂತು.

"ನೋಡಿದ್ಯಾ! ಮುಲುಂದ್‌ವರೆಗೂ ಹೋಗಿದೆ ನಮ್ಮ ಮಾಲು!" ಎಂದು ಸತ್ಯಮೂರ್ತಿಗಳು ಹಿಗ್ಗಿ ಕೈಗೆತ್ತಿಕೊಂಡರು. ಪೆಟ್ಟಿಗೆಯ ಮೇಲೆ ಅವರ ತಂದೆ ಒಂದು ಕಡೆಗೆ ವಾಲಿ ನಿಂತಿದ್ದರು.

"ಇದು ಅಲಮೇಲಮ್ಮನಿಗೆ ಕೊಟ್ಟಿದ್ದಲ್ವೇನೇ?"

ಕೌಸಲ್ಯಾ ಕಣ್ಣರಳಿಸಿ ನೋಡಿದಳು. ಆಮೇಲೆ ಅವಳಿಗೆ ನಗು ಬರತೊಡಗಿತು. ತಡೆಯಲು ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡಳು. ಮುಲುಂದಿನವರು ಇದನ್ನು ಕೊಡುವಾಗ, 'ನಮ್ಮ ನಾದಿನಿ ಚೆಂಬೂರಿಂದ ಕೊಟ್ಟಿದ್ದು, ತುಂಬ ಒಳ್ಳೇದು' ಎಂದಿದ್ದರಂತೆ. ಚೆಂಬೂರಿನ ಆ ನಾದಿನಿ ಅಲಮೇಲಮ್ಮನ ಖಾಸಾ ಸೋದರತ್ತೆಯ ಮಗಳು. ನವರಾತ್ರಿ ಮುಗಿಯುವುದರೊಳಗೆ ಪೆಟ್ಟಿಗೆ ಮುಂಬೈ ಪ್ರದಕ್ಷಿಣೆ ಮಾಡಿ, ಸೀಲು ಒಡೆಯದೆ, ಹುಟ್ಟಿದ ಮನೆಗೆ ಬಂದು ಸೇರಿತ್ತು.

"ಅಂದ್ರೆ ಯಾರೂ ಬಿಚ್ಚಿಲ್ಲ," ಎಂದರು ಸತ್ಯಮೂರ್ತಿಗಳು.

"ಇದನ್ನ ಬಿಚ್ಚಿಲ್ಲ. ಉಳಿದದ್ದನ್ನ ಬಿಚ್ಚಿರ್ತಾರೆ ಬಿಡಿ," ಎಂದು ಕೌಸಲ್ಯಾ ಕಣ್ಣೊರೆಸಿಕೊಂಡಳು. ಅವಳ ದನಿಯಲ್ಲಿ ನಂಬಿಕೆ ಇರಲಿಲ್ಲ.

ಅದರ ಮುಂದಿನ ಭಾನುವಾರ. ಬೆಳಿಗ್ಗೆ ಟೀವಿಯಲ್ಲಿ ದೇವರು ಬರುವ ಹೊತ್ತು. ಆ ದಿನಗಳಲ್ಲಿ ಟೀವಿಯಿದ್ದ ಮನೆಯವರು ಟೀವಿಗೇ ಹೂ ಹಾಕಿ, ಊದುಬತ್ತಿ ಹಚ್ಚಿ, ಕೈಮುಗಿದು ಕೂರುತ್ತಿದ್ದರು. ಅಲಮೇಲಮ್ಮನ ಮನೆಯಲ್ಲಿ ಕಲರ್ ಟೀವಿಯಿದ್ದದ್ದರಿಂದ ಅರ್ಧ ಬಿಲ್ಡಿಂಗು ಅಲ್ಲಿ ಸೇರುತ್ತಿತ್ತು. ಅಲ್ಲಿಗೆ ಹೊರಟ ಸತ್ಯಮೂರ್ತಿಗಳು ಎರಡನೇ ಮಾಳಿಗೆಯಲ್ಲೇ ನಿಂತು ಗಾಳಿ ಹೀರಿದರು. ಸೆಂಟಿನಲ್ಲಿ ಅದ್ದಿದ ಕಡ್ಡಿ. ಮಲ್ಲಿಗೆ ಅಂತ ಹೇಳಿಕೊಂಡು ತಿರುಗುವ ಸೀಮೆಎಣ್ಣೆ. ಅವರು ಉಳಿದ ಮೆಟ್ಟಿಲುಗಳನ್ನು ಹಾರಿ ಹತ್ತಿ ಬಾಗಿಲಲ್ಲಿ ನಿಂತರು.

"ಅಲಮೇಲಮ್ಮ, ನನ್ನ ಊದುಬತ್ತಿ ಎಲ್ಲಿ?"

"ಇದೆ ಇದೆ, ಭದ್ರವಾಗಿದೆ!" ಎಂದು ಆಕೆ ಅಭಿಮಾನದಿಂದ ಒಳಗೆ ಕರೆದೊಯ್ದು ಕಬ್ಬಿಣದ ಬೀರು ತೆರೆದರು. ಮೈಸೂರು ರೇಷ್ಮೆ ಸೀರೆಗಳ ಮಡಿಕೆ ಮಡಿಕೆಯಲ್ಲೂ ಬಂಗಾರದ ಪೆಟ್ಟಿಗೆಗಳು. ಪ್ರತಿ ಪೆಟ್ಟಿಗೆಯ ಮೇಲೂ ಪೇಟ ಸುತ್ತಿದ ತಂದೆ, ರೇಷ್ಮೆ ಹೊದ್ದು ಮಲಗಿದ್ದರು. "ನೋಡಿ, ಸೀರೆಗಳು ಹೇಗೆ ಘಮಘಮ ಅಂತಿವೆ! ಒಂದು ಹುಳ ಹತ್ತಿರ ಸುಳಿದಿಲ್ಲ."

"ಹಚ್ಚೋದಿಲ್ವಾ?"

ಅಲಮೇಲಮ್ಮ ಅವರನ್ನು ಮೇಲಿಂದ ಕೆಳಗೆ ನೋಡಿದರು. "ಅಷ್ಟು ಒಳ್ಳೇದನ್ನ ಯಾರಾದ್ರೂ ಸುಟ್ಟು ಹಾಕ್ತಾರೇನ್ರೀ?"

ಸತ್ಯಮೂರ್ತಿಗಳು ಮನೆಗೆ ಬಂದು ಕುರ್ಚಿಯಲ್ಲಿ ಕುಸಿದರು. ಊಟ ಬೇಡ ಎಂದರು. ಮಾಡಿದ್ದು ಬಿಸಿಬೇಳೆ ಭಾತು ಎಂದು ಮೂಗು ತಿಳಿಸಿದ್ದರಿಂದ ಸ್ವಲ್ಪ ಮಾಡಿದರು. ಆಮೇಲೆ ಮತ್ತೆ ಕುಸಿದರು.

"ಇಷ್ಟು ವರ್ಷ ನಾನು ಮಾಡಿದ್ದು ನುಸಿಗುಳಿಗೆ ಕಣೇ! ಜೇನುತುಪ್ಪ ಹಾಕಿ ಕಲಸಿದ ನುಸಿಗುಳಿಗೆ!"

"ಬೇಜಾರು ಮಾಡ್ಕೋಬೇಡಿ," ಎಂದಳು ಕೌಸಲ್ಯಾ. "ನಾನೂ ಮನೇಲಿ ಮುರಿದ ಕಡ್ಡಿ ಮಾತ್ರ ಹಚ್ತೀನಲ್ಲ. ಪೆಟ್ಟಿಗೆದು ಹಚ್ಚೋಕೆ ನನಗೂ ಮನಸ್ಸು ಬರಲ್ಲ. ಅಂಥದ್ದು ಮಾಡಿಟ್ಟಿದೀರಿ ನೀವು, ಬೆಂಕಿಪೊಟ್ಟಣ ತೆಗೆದವಳು ಹಾಗೇ ವಾಪಸ್ ಇಟ್ಟುಬಿಡ್ತೀನಿ." ತಟ್ಟೆ ಎತ್ತುತ್ತ ಹೇಳಿದಳು: "ಆದ್ರೆ ಒಂದು ನೋಡಿ. ಬೀರು ಒಳಗಿರೋದನ್ನ ಹೊರಗಿರೋದು ಹೇಗೆ ನುಂಗತ್ತೆ?"

ಸತ್ಯಮೂರ್ತಿಗಳು ಸೋಮವಾರ ಗಾಳಾ ತೆರೆದವರೇ ಸುಂದ್ರವ್ವನಿಗೆ ಹೇಳಿದರು:

"ಸಣ್ಣ ಕಡ್ಡಿ ಮಾಡೋಣಮ್ಮ. ಆದ್ರೆ ಅದರ ಮೇಲೆ ನಮ್ಮ ಹೆಸರು ಬೇಡ."

"ಹೆಸರಿಲ್ದ ಹುಟ್ಟಿದ ಕೂಸಿನ ಹಂಗ ಆಗೂದಿಲ್ರಿ ಮಾಲಕ್ರ?"

"ಮೊದಲು ಹುಟ್ಲಿ."

ಮೊದಲ ಕೂಸು ಹುಟ್ಟಿದ್ದು ಹೀಗೆ: ಅದೇ ರಾಜಸೌರಭದ ಮುದ್ದೆಗೆ ಇದ್ದಿಲ ಪುಡಿ ಹೆಚ್ಚಿಗೆ ಬೆರೆಸಿ, ಗಂಧ ಕಮ್ಮಿ ಮಾಡಿ, ಬಡವರಿಗಲ್ಲವೇ, ಇಷ್ಟು ಸಾಕು ಎಂದು ತೆಳ್ಳಗೆ ಹೊಸೆದದ್ದು. ಮರುದಿನ ಬೆಳಿಗ್ಗೆ ಅದನ್ನು ಹಿಡಿದು ಸತ್ಯಮೂರ್ತಿಗಳು ಅಣವೀರಪ್ಪನ ಗುಂಪಿನ ಜೊತೆ ದಾದರಿನಲ್ಲಿ ಗಾಡಿ ಹತ್ತಿದರು. ಮುಂದೆ ಮೀನಿನ ಬುಟ್ಟಿಗಳ ಡಬ್ಬಿ, ಸುತ್ತ ಬೆವರಿನ ಅಂಗಿಗಳು. ಬಾಳೆಹಣ್ಣಿಗೆ ಚುಚ್ಚಿದ ಕಡ್ಡಿಯಿಂದ ಎಳೆಯ ಹೊಗೆಯೊಂದು ಮೇಲೆದ್ದು, ಸುತ್ತ ನೋಡಿ, ಹೆದರಿ ಕಿಟಕಿಯಿಂದ ಹೊರಗೆ ಹಾರಿತು. ಮಾಹಿಮ್ ದಾಟಿದ ಮೇಲೆ ಖಾಡಿ ತನ್ನ ಪೂರ್ತಿ ಸೈನ್ಯದೊಡನೆ ಒಳಗೆ ನುಗ್ಗಿತು. ಭಜನೆ ನಿಲ್ಲಲಿಲ್ಲ, ಆದರೆ ಎಲ್ಲರೂ ಮೂಗಿನಲ್ಲಿ ಹಾಡತೊಡಗಿದರು.

"ಮಾಲಕ್ರ," ಎಂದ ಅಣವೀರಪ್ಪ ತಾಳ ಕೆಳಗಿಟ್ಟು, "ಸಿಟ್ಟಾಗಬ್ಯಾಡ್ರಿ. ಕಡ್ಡಿ ಹಚ್ಚೀವೋ ಇಲ್ಲೋ ಅಂತ ಎರಡ ಸಲ ಎದ್ದು ನೋಡಿದ್ನಿ."

"ಇದು ಶುದ್ಧ ಗಂಧ ಅಣವೀರಪ್ಪ!"

"ಇರಬಹುದ್ರಿ. ಅದು ನಿಮ್ಮ ದೇವರ ಕ್ವಾಣ್ಯಾಗ ಬಾಗಲಾ ಮುಚ್ಚಿಕೊಂಡು ಕುಂತ್ರ ಗೊತ್ತಾಗ್ತೈತಿ. ಇಲ್ಲಿ ಏಕ್‌ದಮ್ ಗರ್ದಿ, ಕಾಲಿಡಾಕ ಜಾಗಾ ಇಲ್ರಿ. ನಮ್ಮ ದೇವರು ದಿನಾ ಈ ಗರ್ದಿಯಾಗ ನಿಂತ ಹೊಂಟಾನ. ಅವಗ ಪೈಲ್ವಾನನಂಥಾ ಕಡ್ಡಿ ಬೇಕ್ರಿ."

ಬಾಂದ್ರಾದಲ್ಲಿ ಇಳಿದು, ಎದುರು ಗಾಡಿ ಹಿಡಿದು ಸತ್ಯಮೂರ್ತಿಗಳು ವಾಪಸು ಹೊರಟರು. ಸೋತ ಮುಖವಿರಬೇಕಿತ್ತು, ಇರಲಿಲ್ಲ. ಗಂಧವನ್ನೇ ನೀರು ಮಾಡಿ ಕೊಟ್ಟರೆ ಪೈಲ್ವಾನನಾಗುವುದಿಲ್ಲ, ಪೈಲ್ವಾನನನ್ನು ಬೇರೆಯೇ ಹಿಟ್ಟಿನಿಂದ ಮಾಡಬೇಕು ಎಂಬ ವಿಚಾರ ಅವರ ತಲೆಯಲ್ಲಿ ಕುದಿಯುತ್ತಿತ್ತು. ಯಾವ ಹಿಟ್ಟು? ಗಾಡಿ ದಾದರಿನಲ್ಲಿ ನಿಂತಿತು. ಅವರ ಕಣ್ಣು ಮುಚ್ಚಿತ್ತು. ಸೇವಂತಿಗೆ, ಮಲ್ಲಿಗೆ, ಅವೆರಡರ ಹೆಗಲ ಮೇಲೆ ಹತ್ತಿ ಕೂತು ಕೂಗುತ್ತಿರುವ ಇನ್ನೊಂದು ವಾಸನೆ. ದವನ! ಮರುಗ!

ಹೂಮಾರ್ಕೆಟ್ಟಿನಲ್ಲಿ ಮಧ್ಯಾಹ್ನದ ಹೊತ್ತಿಗೆ ಮಾರದೆ ಉಳಿದ ದವನ, ಮರುಗದ ಕಟ್ಟುಗಳನ್ನು ಗುಡಿಸಿ ಮೂಲೆಗೆ ತಳ್ಳುತ್ತಿದ್ದರು. ಸತ್ಯಮೂರ್ತಿಗಳು ಅವನ್ನು ಮೂಟೆ ಕಟ್ಟಿಸಿ ತಂದರು. ಬಿಲ್ಡಿಂಗಿನ ತಾರಸಿಯ ಮೇಲೆ ಒಣಹಾಕಿದಾಗ ಇಡೀ ಬಿಲ್ಡಿಂಗು ಸೀನಿತು. ಒಣಗಿದ್ದನ್ನು ಕುಟ್ಟಿ, ಸಾಂಬ್ರಾಣಿಯನ್ನೂ ರಾಳವನ್ನೂ ಕೈಬಿಚ್ಚಿ ಬೆರೆಸಿ, ಬೆಲ್ಲದ ನೀರಿನಲ್ಲಿ ಕಲಸಿದರು. ಗಂಧ ಒಂದು ಚಿಟಿಕೆ, ತಂದೆಯವರ ಮನಸ್ಸಿಗೆ ನೋವಾಗದಿರಲೆಂದು. ಮುದ್ದೆಯನ್ನು ಮೂಗಿಗೆ ಹಿಡಿದಾಗ ಆ ಮಹಾಮೂಗು ಮೊದಲು ಬೆಚ್ಚಿ ಹಿಂದೆ ಸರಿಯಿತು. ಆಮೇಲೆ ಮತ್ತೆ ಮುಂದೆ ಬಂತು. ಇನ್ನೊಮ್ಮೆ ಮುಂದೆ ಬಂತು.

"ಸುಂದ್ರವ್ವ, ಇದು ಅಗ್ಗದ ರಾಜಸೌರಭ ಅಲ್ಲ. ಇದು ಬೇರೇನೇ ಜಾತಿ ಪ್ರಾಣಿ."

ಸುಂದ್ರವ್ವ ಮೂಸಿ ನೋಡಿ ನಕ್ಕಳು. "ಇದು ನಮ್ಮ ಪೈಕಿ ಐತ್ರಿ ಮಾಲಕ್ರ. ಕೂಗಿ ಮಾತಾಡ್ತೈತಿ."

ದೀಪಾವಳಿಗೆ ಇನ್ನು ಕೆಲವೇ ದಿನ. ನಂಜುಂಡ ಸೂಪರ್‌ವೈಸರನ ಕುರ್ಚಿಗೆ ಹೊಸ ಬೆತ್ತ ಹೆಣೆಸುತ್ತಿದ್ದಾನೆಂದು ಸುದ್ದಿ ಬಂದಿತ್ತು. ಅಂಥ ಒಂದು ಬೆಳಿಗ್ಗೆ ಸತ್ಯಮೂರ್ತಿಗಳು ಮತ್ತೆ ದಾದರಿನಲ್ಲಿ ಗಾಡಿ ಹತ್ತಿದರು. ಅಣವೀರಪ್ಪ ಕಡ್ಡಿ ಹಚ್ಚಿದ. ಈ ಸಲದ ಹೊಗೆ ಹೆದರಲಿಲ್ಲ. ತೋಳೇರಿಸಿಕೊಂಡು ಎದ್ದು, ಮೊದಲು ಬೆವರಿನ ಅಂಗಿಗಳನ್ನು ಮಾತಾಡಿಸಿ, ಬೀಡಿ ಹೊಗೆಯನ್ನು ಪಕ್ಕಕ್ಕೆ ತಳ್ಳಿ, ಮೀನಿನ ಡಬ್ಬಿಯ ಕಡೆಯ ಗೋಡೆಗೆ ಬೆನ್ನು ಕೊಟ್ಟು ನಿಂತಿತು. ಮಾಟುಂಗ ರೋಡ್ ಹೋಯಿತು. ಮಾಹಿಮ್ ಬಂತು, ಹೋಯಿತು. ಸತ್ಯಮೂರ್ತಿಗಳು ಕಣ್ಣು ಮುಚ್ಚಿ, ಸೀಟಿನ ಅಂಚು ಬಿಗಿಹಿಡಿದು ಕೂತರು. ಗಾಡಿ ಖಾಡಿಯ ಸೇತುವೆ ಹತ್ತಿತು.

ಖಾಡಿ ನುಗ್ಗಿತು. ನೀರು ಇಳಿದು ಕೆಸರೆಲ್ಲ ಬಯಲಾಗಿದ್ದ ಹೊತ್ತು, ಅಂದರೆ ಶತ್ರು ಪೂರ್ತಿ ಬಲದಲ್ಲಿದ್ದ. ಬಾಗಿಲ ಹತ್ತಿರ ಘರ್ಷಣೆಯಾಯಿತು. ದವನ ಒಂದು ಹೆಜ್ಜೆ ಹಿಂದೆ ಸರಿಯಿತು, ಸಾಂಬ್ರಾಣಿ ಬಂದು ಹೆಗಲು ಕೊಟ್ಟಿತು, ಮರುಗ ಕಿಟಕಿ ಕಾಯ್ದುಕೊಂಡಿತು. ಕೈಗಳು ಅಭ್ಯಾಸಬಲದಿಂದ ಜೇಬಿಗೆ ಹೋದವು. ಕರ್ಚೀಫುಗಳು ಅರ್ಧ ಹೊರಗೆ ಬಂದು ಅಲ್ಲೇ ನಿಂತವು. ಭಜನೆ ಮೂಗಿಗೆ ಇಳಿಯಲಿಲ್ಲ. ಅಣವೀರಪ್ಪ ಬಾಯಿ ತುಂಬ ಹಾಡುತ್ತ, ಹಾಡಿನ ಮಧ್ಯದಲ್ಲೇ ಕಣ್ಣು ದೊಡ್ಡದು ಮಾಡಿ ಮಾಲೀಕರ ಕಡೆ ನೋಡಿದ.

ಬಾಂದ್ರಾ ಬಂತು. ಸತ್ಯಮೂರ್ತಿಗಳು ಕಣ್ಣು ತೆರೆಯಲಿಲ್ಲ. ಜೀವನದಲ್ಲಿ ಮೊದಲ ಸಲ ಅವರಿಗೆ ಸ್ಟೇಷನ್ ಯಾವುದೆಂದು ಗೊತ್ತಾಗಿರಲಿಲ್ಲ.

"ಭಾಊ, ಕುಠಲೀ ಅಗರಬತ್ತಿ ಹೀ?" ಬಾಗಿಲಲ್ಲಿ ನೇತಾಡುತ್ತಿದ್ದ ಮರಾಠಿಯವನೊಬ್ಬ ಕೇಳಿದ. "ನಾಂವ್ ಕಾಯ್?"

ಯಾವ ಊದುಬತ್ತಿ ಇದು, ಹೆಸರೇನು? ಅಣವೀರಪ್ಪನಿಗೆ ಗೊತ್ತಿರಲಿಲ್ಲ, ಮಾಲೀಕರ ಮುಖ ನೋಡಿದ. ಡಬ್ಬಿಯೆಲ್ಲ ನೋಡಿತು. ಸತ್ಯಮೂರ್ತಿಗಳು ಎದ್ದು ನಿಂತರು. ಇಲ್ಲಿ ತಲೆ ಎತ್ತಿ ನಿಲ್ಲುವಷ್ಟು ಜಾಗವಿತ್ತು.

"ಸತ್ಯಮೂರ್ತಿ," ಎಂದರು. "ಮಾಟುಂಗದ ಸತ್ಯಮೂರ್ತಿ. ನಾನೇ."

ಗಾಳಾಕ್ಕೆ ಬೀಗ ಬೀಳಲಿಲ್ಲ. ದೀಪಾವಳಿಯ ಹೊತ್ತಿಗೆ ಸುಂದ್ರವ್ವ ನೊಣ ಹೊಡೆಯುವುದನ್ನು ಬಿಟ್ಟು, ನೆರೆಯ ಮಲ್ಲವ್ವನನ್ನೂ ಕರೆತಂದು ಹಲಗೆಯ ಮುಂದೆ ಕೂರಿಸಿದ್ದಳು. ಇಬ್ಬರೂ ಹೊಸೆದರೂ ಪರೇಲ್‌ಗೇ ಸಾಲುತ್ತಿರಲಿಲ್ಲ, ಅಂಧೇರಿ ಬೇರೆ ಕೇಳುತ್ತಿತ್ತು. ಹಳದಿ ಕಾಗದದ ಪೊಟ್ಟಣದ ಮೇಲೆ ಸತ್ಯಮೂರ್ತಿಗಳ ಚಿತ್ರ ಬಂತು. ಪೇಟ ಇರಲಿಲ್ಲ. ಚಿತ್ರ ಬರೆದವನಿಗೆ ಮೂಗಿನಲ್ಲೇ ಜಾಗ ಮುಗಿದುಹೋಗಿತ್ತು. ಕೆಳಗೆ ಕನ್ನಡದಲ್ಲೂ ಮರಾಠಿಯಲ್ಲೂ ದಪ್ಪಕ್ಷರದಲ್ಲಿ ಒಂದು ಆಜ್ಞೆ: 'ದಯವಿಟ್ಟು ಹಚ್ಚಿ'.

ಬಂಗಾರದ ಪೆಟ್ಟಿಗೆಯ ಗತಿ? ಅಲಮೇಲಮ್ಮನವರು ಒಂದು ವಾರ ಮಾತು ಬಿಟ್ಟರು. ಎಂಟನೆಯ ದಿನ ತಾವೇ ಮಂಡಿ ಹಿಡಿದುಕೊಂಡು ಗಾಳಾಕ್ಕೆ ಬಂದರು.

"ಸತ್ಯಮೂರ್ತಿಗಳೇ, ಆ ಹಳದೀದು ಎಲ್ಲರ ಮನೇಲೂ ಆಗೋಯ್ತು. ಇನ್ನು ನಮ್ಮಂಥೋರು ಯಾರು ಏನು ಅಂತ ಗೊತ್ತಾಗೋದು ಬೇಡವೇ? ಬಂಗಾರದ್ದು ಈ ಸಲ ಎರಡು ಕೊಡಿ." ಪೆಟ್ಟಿಗೆಗಳನ್ನು ಸೆರಗಿನೊಳಗೆ ಇಟ್ಟುಕೊಂಡು, ಸುತ್ತ ನೋಡಿ, ದನಿ ಇಳಿಸಿದರು. "ಹಾಗೇ ಒಂದು ಹಳದಿ ಪೊಟ್ಟಣ. ಟೀವಿಗೆ."

ಸತ್ಯಮೂರ್ತಿಗಳು ಭಾಂಡುಪ್‌ಗೂ ಹೋದರು, ಒಂದು ದಿನದ ಮಟ್ಟಿಗೆ, ಮೂಗಿಗೆ ಕರ್ಚೀಫು ಕಟ್ಟಿಕೊಂಡು. ಬೆತ್ತದ ಕುರ್ಚಿಯ ಮೇಲೆ ಹಳದಿ ಪೊಟ್ಟಣಗಳ ಕಟ್ಟೊಂದನ್ನಿಟ್ಟು ಬಂದರು. ಪ್ಲಾಸ್ಟಿಕ್ ಕರಗಿಸುವ ಜಾಗದಲ್ಲಿ ಈಗ ದಿನಾ ಹಚ್ಚುತ್ತಾರಂತೆ. ಅಲ್ಲಿ ಯುದ್ಧ ಇನ್ನೂ ಸಮಸಮವಾಗಿ ನಡೆದಿದೆ ಎಂದು ನಂಜುಂಡನ ವರದಿ.

ಅವರನ್ನು ಈಗಲೂ ಕೆಲವು ಬೆಳಿಗ್ಗೆ ಅಣವೀರಪ್ಪನ ಡಬ್ಬಿಯಲ್ಲಿ ನೋಡಬಹುದು. ದಾದರಿನಲ್ಲಿ ಹತ್ತುತ್ತಾರೆ, ಕಣ್ಣು ಮುಚ್ಚುತ್ತಾರೆ, ತಾಳಕ್ಕೆ ತಲೆದೂಗುತ್ತಾರೆ. ಬಾಂದ್ರಾದಲ್ಲಿ ಇಳಿದು ವಾಪಸಾಗಬೇಕು, ಗಾಳಾದಲ್ಲಿ ಕೆಲಸ ರಾಶಿ ಬಿದ್ದಿರುತ್ತದೆ. ಆದರೆ ಖಾಡಿ ಯಾವಾಗ ದಾಟಿತೋ ಗೊತ್ತಾಗದೆ ಮುಂದಕ್ಕೆ ಹೋಗಿಬಿಡುತ್ತಾರೆ. ತಮ್ಮದೇ ಕಡ್ಡಿಯ ಹೊಗೆಯಲ್ಲಿ ಬಿಸ್ಕತ್ತಿನ ವಾಸನೆಯೂ ಗೊತ್ತಾಗುವುದಿಲ್ಲ. ಅಂಧೇರಿಯಲ್ಲಿ ಅಣವೀರಪ್ಪನೇ ಭುಜ ಅಲುಗಿಸಿ, "ಮಾಲಕ್ರ, ಇಳೀರಿ, ಮತ್ತ ದಾರಿ ತಪ್ಪಿದ್ರಿ," ಎಂದು ಕೈಹಿಡಿದು ಇಳಿಸಬೇಕು.